ಮೊಮೆಂಟೋ ಸಾರ್

ಲ್ಯಾಬ್ ಟೆಕ್ನಿಷಿಯನ್ನರ ಸಂಘ ಯಾವ ಜಿಲ್ಲೆಯಲ್ಲಿದ್ದರೂ ಅದರಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಏನೇ ಇರಲಿ, ಸಹೋದ್ಯೋಗಿಗಳ ಬಾಯಲ್ಲಿ ಅವರು ಮೊಮೆಂಟೋ ಸಾರ್. ಎದುರಿಗೆ ಬರೀ ಸಾರ್, ಅವರು ಅತ್ತ ಹೋದ ಮೇಲೆ ಪೂರ್ತಿ ಬಿರುದು. ವಯಸ್ಸು ಐವತ್ತರ ಆಸುಪಾಸು. ಬಿಳಿ ಕೋಟಿನ ಜೇಬಿನಲ್ಲಿ ಒಂದು ಪೆನ್ನು, ಒಂದು ಮಾರ್ಕರ್, ನಾಲ್ಕು ಮಡಿಕೆಯ ಬಯೋಡೇಟಾ. ಮಾರ್ಕರ್ ಸ್ಲೈಡಿನ ಮೇಲೆ ನಂಬರ್ ಹಾಕಲು. ಬಯೋಡೇಟಾ, ಯಾರಾದರೂ ಕೇಳಿದರೆ ಇರಲಿ ಎಂದು. ಕೇಳಿದವರನ್ನು ನಾನಂತೂ ಕಂಡಿಲ್ಲ; ಕೇಳದೆಯೇ ಈಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ಅವರ ಮನೆಯ ಹಾಲಿಗೆ ಕಾಲಿಟ್ಟರೆ ಮೊದಲು ಎದುರಾಗುವುದು ಶೋಕೇಸು. ದಸರೆಗೆ ಗೊಂಬೆ ಕೂರಿಸಲೆಂದು ಮಾಡಿಸಿದ್ದಂತೆ. ಈಗ ಪಟ್ಟದ ಗೊಂಬೆಗಳು ಅಟ್ಟ ಸೇರಿವೆ. ಆ ಜಾಗದಲ್ಲಿ ಗಾಜಿನ ಫಲಕ, ಮರದ ಫಲಕ, ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಕಪ್ಪು. ನಟ್ಟನಡುವೆ ಹಿತ್ತಾಳೆಯಂತೆ ಹೊಳೆಯುವ ಗೇಣುದ್ದದ ಮೈಕ್ರೋಸ್ಕೋಪು. ಅದಕ್ಕೆ ಐಪೀಸ್ ಇದೆ, ಆಬ್ಜೆಕ್ಟಿವ್ ಇದೆ, ಸ್ಲೈಡ್ ಇಡುವ ಸ್ಟೇಜ್ ಮಾತ್ರ ಇಲ್ಲ. ನಾನು ಅದನ್ನು ತೋರಿಸಿದಾಗ ಅವರು ಬೇಸರಪಟ್ಟುಕೊಳ್ಳಲಿಲ್ಲ. "ಮಾಡಿದವನಿಗೆ ಏನು ಗೊತ್ತು ಸಾರ್. ಅದಕ್ಕೆ ಇಲ್ದಿದ್ರೆ ಏನಂತೆ, ನಮಗೆ ಸ್ಟೇಜ್ ಸಿಕ್ತಲ್ಲ!" ಶಾಲುಗಳ ಉಸ್ತುವಾರಿ ಅವರ ಮನೆಯವರದು. ಕಾಫಿ ತಂದಿಟ್ಟ ಆಯಮ್ಮ, "ಬೀರು ತುಂಬಾ ಶಾಲೇ. ಒಂದಾದ್ರೂ ಚಳಿ ತಡೆಯೋ ಅಂಥದ್ದು ಇದ್ದಿದ್ರೆ!" ಎಂದು ಒಳಗೆ ಹೋದರು.

ಪ್ರಶಸ್ತಿ ತಾನಾಗಿ ಹುಡುಕಿಕೊಂಡು ಬರುತ್ತದೆ ಎಂದು ನಂಬಿರುವವರು ಸಂಘಕ್ಕೆ ಹೊಸಬರು. ಸುತ್ತೋಲೆ ಬಂದ ದಿನವೇ ಮೊಮೆಂಟೋ ಸಾರ್ ಅರ್ಜಿ ನಮೂನೆಯನ್ನು ಜೆರಾಕ್ಸ್ ಮಾಡಿಸುತ್ತಾರೆ. ನಮೂನೆಯಲ್ಲಿ ಇರುವ ತೊಡಕು ಒಂದೇ: ಹೆಸರನ್ನು ಬೇರೊಬ್ಬ ಸದಸ್ಯರು ಸೂಚಿಸಬೇಕು. ಅದಕ್ಕೇನಂತೆ, ಸೂಚಿಸುವ ಪತ್ರವನ್ನೂ ತಾವೇ ಬರೆದು, ಬಯೋಕೆಮಿಸ್ಟ್ರಿಗೆ ಹೊಸದಾಗಿ ಸೇರಿದ ಹುಡುಗಿಯ ಮುಂದೆ ಇಟ್ಟರು. "ಇಲ್ಲೊಂದು ಸಹಿ ಹಾಕಮ್ಮ. ಓದ್ಲೇಬೇಕು ಅಂತೇನಿಲ್ಲ." ಆಕೆ ಓದಿಯೇಬಿಟ್ಟಳು. 'ಪ್ರಚಾರದಿಂದ ಸದಾ ದೂರ ಉಳಿದಿರುವ ಇವರ ಸರಳತೆಯನ್ನು ನಾನು ಇಪ್ಪತ್ತೈದು ವರ್ಷಗಳಿಂದ ಹತ್ತಿರದಿಂದ ಕಂಡಿದ್ದೇನೆ' ಎಂದಿತ್ತು. 'ಪ್ರಚಾರದಿಂದ ದೂರ' ಎಂಬಷ್ಟು ಮಾತ್ರ ದಪ್ಪಕ್ಷರದಲ್ಲಿ.

"ಸಾರ್, ನಂಗೆ ಇಪ್ಪತ್ಮೂರು ವರ್ಷ."

"ಹೌದಲ್ವಾ! ಹಾಗಾದ್ರೆ 'ಹುಟ್ಟಿದಾಗಿನಿಂದ' ಅಂತ ಮಾಡೋಣ ಬಿಡು."

ಅರ್ಜಿ ಹಾಕಿ ಪ್ರಶಸ್ತಿ ಪಡೆಯುವುದು ಸರಿಯೇ ಎಂದು ಚಹಾದ ಹೊತ್ತಿನಲ್ಲಿ ಯಾರೋ ಕೆಣಕಿದರು. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅದನ್ನು ಪ್ರಕಟಿಸಿದ್ದು 1901ರಲ್ಲಿ, ನೊಬೆಲ್ ಬಂದದ್ದು 1930ರಲ್ಲಿ. ಆತ ಯಾರ ಬಳಿಯಾದರೂ ಸಹಿ ಕೇಳಿದ್ದನೇ ಎಂದರು. ಮೊಮೆಂಟೋ ಸಾರ್ ಬಿಸ್ಕತ್ತು ಅದ್ದುತ್ತಲೇ ಉತ್ತರಿಸಿದರು: "ಅದಕ್ಕೇ ನೋಡಿ, ಇಪ್ಪತ್ತೊಂಬತ್ತು ವರ್ಷ ತಡ ಆಯ್ತು." ಯಲ್ಲಾಪ್ರಗಡ ಸುಬ್ಬರಾವ್ ಅವರ ಮಾತೂ ಬಂತು. 1925ರಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ಅವರು ಕೊಟ್ಟ ರಂಜಕ ಅಳೆಯುವ ವಿಧಾನವನ್ನು ನಾವೆಲ್ಲ ಡಿಪ್ಲೊಮಾದಲ್ಲಿ ಉರು ಹೊಡೆದವರೇ. ನೊಬೆಲ್ ಬರದಿದ್ದರೂ ವಿಧಾನದ ಹೆಸರಲ್ಲೇ ಅವರಿದ್ದಾರಲ್ಲ ಎಂದದ್ದಕ್ಕೆ ಸಾರ್ ತಲೆಯಾಡಿಸಿದರು. "ಮೆಥಡ್ಡಲ್ಲಿ ಹೆಸರು ಬಂದ್ರೆ ಸಾಕಾ? ಫೋಟೋ ಎಲ್ಲಿ?"

ನಮ್ಮ ಕ್ಷೇತ್ರದ ಅತಿ ಹಳೆಯ ನಗದು ಪುರಸ್ಕಾರ ಯಾವುದು ಎಂದು ಕೇಳಿದರೆ ನಾನು ಹುಸೇನ್ ಖಾನ್ ಹೆಸರು ಹೇಳುತ್ತೇನೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಈ ರೋಗಿಯ ರಕ್ತ ಕುಡಿದ ಸೊಳ್ಳೆಯಿಂದ. ಕಚ್ಚಿಸಿಕೊಂಡದ್ದಕ್ಕೆ ಅವನಿಗೆ ಕೊಟ್ಟದ್ದು ಸೊಳ್ಳೆಗೊಂದಾಣೆ. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಅರ್ಜಿ, ಸೂಚಕರ ಸಹಿ, ಆಯ್ಕೆ ಸಮಿತಿ ಯಾವುದೂ ಇಲ್ಲದೆ, ಮಾಡಿದ ಕೆಲಸಕ್ಕೆ ಸರಿಯಾಗಿ ಎಣಿಸಿ ಕೊಟ್ಟ ಪುರಸ್ಕಾರ ಮಾತ್ರ ಹುಸೇನ್ ಖಾನನದು.

ಏಪ್ರಿಲ್ 15 ಅಂತಾರಾಷ್ಟ್ರೀಯ ಬಯೋಮೆಡಿಕಲ್ ಲ್ಯಾಬೊರೇಟರಿ ಸೈನ್ಸ್ ದಿನ. 1996ರಿಂದ ನಡೆದು ಬಂದಿದೆ. ಅದರ ಹಿಂದುಮುಂದಿನ ಯಾವುದೋ ಭಾನುವಾರ ನಮ್ಮಲ್ಲಿ ಸಮ್ಮೇಳನ. ರಿಏಜೆಂಟ್ ಕಂಪನಿಯ ಚೀಲ, ಕಂಪನಿಯ ಪೆನ್ನು, ಕಂಪನಿಯ ಖರ್ಚಿನಲ್ಲಿ ಬಿಸಿಬೇಳೆಬಾತ್, ಜಾಮೂನು. ಬೆಳಗಿನ ಗೋಷ್ಠಿಯಲ್ಲಿ ಥೈರಾಯ್ಡ್ ಬಗ್ಗೆ ಯಾರೋ ಒಳ್ಳೆಯ ಉಪನ್ಯಾಸ ಕೊಡುತ್ತಾರೆ. ಕೇಳಲು ಮುಂದಿನ ಸಾಲಿನಲ್ಲಿ ಅವರ ನಂತರ ಮಾತಾಡಬೇಕಾದವರಷ್ಟೇ. ಸಭಾಂಗಣ ತುಂಬುವುದು ಸಂಜೆಯ ಸನ್ಮಾನಕ್ಕೆ. ಅದೂ ಸಹಜವೇ. ಸನ್ಮಾನಿತರು ನಲವತ್ತು ಮಂದಿ, ಅವರ ಮನೆಮಂದಿ ಬೇರೆ. ಬರಿಯ ಪ್ರೇಕ್ಷಕರಾಗಿ ಉಳಿದವರು ಮೈಕಿನ ಹುಡುಗ ಮತ್ತು ನಾನು.

ಮುಖ್ಯ ಅತಿಥಿಗಳು ಬಂದದ್ದು ಎರಡು ಗಂಟೆ ತಡವಾಗಿ. ಬಂದವರು "ಡಾಕ್ಟರುಗಳ ಈ ಸಮಾವೇಶದಲ್ಲಿ" ಎಂದು ಮಾತು ಶುರು ಮಾಡಿದರು. ಯಾರೂ ತಿದ್ದಲಿಲ್ಲ. ಏಳಕ್ಕೆ ಹಾಲ್ ಖಾಲಿ ಮಾಡಬೇಕು, ಮದುವೆಯ ರಿಸೆಪ್ಷನ್ನಿನವರು ಹೊರಗೆ ಹೂವಿನ ಕಮಾನು ಹಿಡಿದು ನಿಂತಿದ್ದಾರೆ. ಹಾಗಾಗಿ ಉಳಿದ ಇಪ್ಪತ್ತು ನಿಮಿಷದಲ್ಲಿ ನಲವತ್ತು ಸನ್ಮಾನ. ನಿರೂಪಕಿ ಹೆಸರುಗಳನ್ನು ಹರಾಜಿನ ವೇಗದಲ್ಲಿ ಓದುತ್ತಾಳೆ. ಒಂದೇ ಮೈಸೂರು ಪೇಟ ತಲೆಯಿಂದ ತಲೆಗೆ ದಾಟುತ್ತದೆ. ಒಬ್ಬರ ಫಲಕ ಇನ್ನೊಬ್ಬರ ಕೈಗೆ ಹೋಗುತ್ತದೆ. ಮೊಮೆಂಟೋ ಸಾರ್‌ಗೆ ಇದೆಲ್ಲ ಅಭ್ಯಾಸ. ಅವರು ಅತಿಥಿಗಳ ಕೈಯನ್ನು ಬಿಡುವುದಿಲ್ಲ. ಫಲಕದ ಒಂದು ತುದಿ ಅತಿಥಿಯ ಕೈಲಿ, ಒಂದು ತುದಿ ಇವರ ಕೈಲಿ, ಮುಖ ಕ್ಯಾಮೆರಾದತ್ತ. "ಫ್ಲಾಶ್ ಬಿತ್ತಾ? ಬೀಳ್ಲಿಲ್ವಾ? ಸಾರ್, ಇನ್ನೊಂದ್ಸಲ ಕೊಡಿ ಸಾರ್." ಅತಿಥಿಗಳು ವಾಪಸು ಇಸಿದುಕೊಂಡು ಮತ್ತೆ ಕೊಡುತ್ತಾರೆ. ಆಮೇಲೆ ನೋಡಿದರೆ ಆ ಫಲಕದ ಮೇಲೆ ಪಕ್ಕದ ತಾಲೂಕಿನ ರೇಡಿಯಾಲಜಿಯವರೊಬ್ಬರ ಹೆಸರಿತ್ತು. ಚಿಂತೆಯಿಲ್ಲ, ಫೋಟೋದಲ್ಲಿ ಅಕ್ಷರ ಕಾಣುವುದಿಲ್ಲ.

ಆಯ್ಕೆ ಹೇಗೆ ನಡೆಯುತ್ತದೆ? ನಮ್ಮ ಲ್ಯಾಬಿನಲ್ಲಿ ಬೆಳಿಗ್ಗೆ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಮಾದರಿ, ಹಾಕದೆ ರೋಗಿಯ ಒಂದು ಹನಿ ಸೀರಮ್ಮನ್ನೂ ಯಂತ್ರಕ್ಕೆ ಕೊಡುವುದಿಲ್ಲ. ಜೇಮ್ಸ್ ವೆಸ್ಟ್‌ಗಾರ್ಡ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ನಿಯಮಗಳು ಗೋಡೆಯ ಮೇಲೆಯೇ ಅಂಟಿಸಿವೆ. ಅದರಲ್ಲೊಂದು ಟೆನ್ ಎಕ್ಸ್: ಕಂಟ್ರೋಲಿನ ಸತತ ಹತ್ತು ಫಲಿತಾಂಶ ಸರಾಸರಿ ಗೆರೆಯ ಒಂದೇ ಬದಿಗೆ ಬಿದ್ದರೆ ಎಲ್ಲೋ ಏನೋ ವಾಲಿದೆ, ಕೆಲಸ ನಿಲ್ಲಿಸಿ ನೋಡಿ ಎಂದರ್ಥ. ಇದೇ ನಿಯಮವನ್ನು ಗೋಡೆಗೆ ಅಂಟಿಸಿದ ಕೈಗಳೇ ಸಂಘದ 'ಉತ್ತಮ ಟೆಕ್ನಾಲಜಿಸ್ಟ್' ಪ್ರಶಸ್ತಿಯನ್ನು ಹತ್ತು ವರ್ಷ ಬಿಡದೆ ಕಾರ್ಯದರ್ಶಿಗಳ ಊರಿಗೇ ಕೊಟ್ಟಿವೆ. ಯಂತ್ರವಾಗಿದ್ದರೆ ಇಷ್ಟು ಹೊತ್ತಿಗೆ ಸರ್ವಿಸ್ ಎಂಜಿನಿಯರ್ ಬಂದಿರುತ್ತಿದ್ದ.

ಇಷ್ಟೆಲ್ಲ ನಕ್ಕ ಮೇಲೂ ಇವರ ಪರವಾಗಿ ಒಂದು ಮಾತು ಹೇಳಲೇಬೇಕು. ರಿಪೋರ್ಟ್ ಸರಿಬಂದರೆ ಡಾಕ್ಟರ ಕೈಗುಣ, ತಪ್ಪಿದರೆ ಲ್ಯಾಬಿನವರ ಕೈವಾಡ. ವಾರ್ಡಿನಿಂದ ನಮಗೆ ಬರುವ ಫೋನಿನಲ್ಲಿ ಇರುವುದು "ಇನ್ನೂ ಬಂದಿಲ್ವಲ್ಲ" ಎಂಬ ವಾಕ್ಯ ಒಂದೇ. ಇಷ್ಟು ವರ್ಷ ರಕ್ತ ತೆಗೆದರೂ ಊರ ಜನಕ್ಕೆ ಮೊಮೆಂಟೋ ಸಾರ್ ಇವತ್ತಿಗೂ ಕಾಂಪೌಂಡರ್. ನರ್ಸುಗಳಿಗೆ ದೇಶಮಟ್ಟದ ಕಾಯ್ದೆ 1947ರಲ್ಲಿ ಬಂತು, ಫಾರ್ಮಸಿಯವರಿಗೆ 1948ರಲ್ಲಿ. ನಮ್ಮಂಥವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ರಾಷ್ಟ್ರೀಯ ಆಯೋಗವೊಂದನ್ನು ಹೇಳಿದ ಕಾಯ್ದೆ ಬಂದದ್ದು 2021ರಲ್ಲಿ. ಎಪ್ಪತ್ತು ಚಿಲ್ಲರೆ ವರ್ಷ ಯಾರೂ ತಿರುಗಿ ನೋಡದ ಕಸುಬಿನವನು ಒಂದು ಶಾಲು ಹೆಚ್ಚಿಗೆ ಹೊದ್ದರೆ ಯಾರ ಗಂಟು ಹೋಯಿತು?

ವಿಚಿತ್ರವೆಂದರೆ ಈ ಮನುಷ್ಯ ಕೆಲಸದಲ್ಲಿ ನಿಜಕ್ಕೂ ಗಟ್ಟಿಗ. ಒಂದು ರಾತ್ರಿ ಪಾಳಿಯಲ್ಲಿ ಪೊಟ್ಯಾಸಿಯಂ ಹೃದಯ ನಿಲ್ಲುವಷ್ಟು ಮೇಲಕ್ಕೆ ಹೋದ ರಿಪೋರ್ಟೊಂದು ಯಂತ್ರದಿಂದ ಹೊರಬಿತ್ತು. ಪಾಳಿಯ ಹುಡುಗ ಗಾಬರಿಯಾಗಿ ಐಸಿಯುಗೆ ಫೋನೆತ್ತಿದ. ಸಾರ್ ಕೈಹಿಡಿದು ನಿಲ್ಲಿಸಿ, "ಕ್ಯಾಲ್ಸಿಯಂ ಎಷ್ಟು?" ಎಂದರು. ಅದು ಪಾತಾಳದಲ್ಲಿತ್ತು. ಆಮೇಲೆ ತಾವೇ ಫೋನ್ ತೆಗೆದುಕೊಂಡರು. "ಸಿಸ್ಟರ್, ಕೆಂಪು ಟ್ಯೂಬಿಗೆ ರಕ್ತ ಸಾಲದೆ ನೇರಳೆ ಟ್ಯೂಬಿಂದ ಸ್ವಲ್ಪ ಸುರಿದ್ರಾ?" ಆ ಕಡೆಯಿಂದ ಉತ್ತರವಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ತನ್ನ ಪೊಟ್ಯಾಸಿಯಮ್ಮನ್ನು ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಹೊಸದಾಗಿ ರಕ್ತ ತರಿಸಿದರು, ಎಲ್ಲ ಸರಿಯಿತ್ತು. ಇಲ್ಲದ ಕಾಯಿಲೆಗೆ ಔಷಧಿ ಏರುವುದು ತಪ್ಪಿತು. ಆ ರೋಗಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಇದನ್ನು ಅರ್ಜಿಯಲ್ಲಿ ಏಕೆ ಬರೆಯಲಿಲ್ಲ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಕೆಲಸ ಅಲ್ವಾ ಸಾರ್! ಅದಕ್ಕೆ ಕಾಲಂ ಎಲ್ಲಿದೆ?" ನಮೂನೆ ತೆಗೆದು ನೋಡಿದೆ. ನಿರ್ವಹಿಸಿದ ಹುದ್ದೆಗಳು, ಭಾಗವಹಿಸಿದ ಸಮ್ಮೇಳನಗಳು, ಮಾಡಿಸಿದ ಹೊಸ ಸದಸ್ಯತ್ವ, ಈ ಹಿಂದೆ ಪಡೆದ ಪ್ರಶಸ್ತಿಗಳು. ಅವರು ಹೇಳಿದ್ದು ಸರಿ.

ಈ ವರ್ಷ ಸಂಘದ ಕಿರಿಯರು ಉಪಾಯ ಹೂಡಿ ಅವರನ್ನೇ ಆಯ್ಕೆ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದರು. ಸಮಿತಿಯಲ್ಲಿದ್ದವರು ಪ್ರಶಸ್ತಿಗೆ ಅರ್ಹರಲ್ಲ ಎಂದು ಬೈಲಾದಲ್ಲಿದೆ. ಒಂದು ವರ್ಷವಾದರೂ ಶೋಕೇಸಿಗೆ ಬಿಡುವು ಸಿಗಲಿ ಎಂಬ ಲೆಕ್ಕ. ಮೊದಲ ಸಭೆಯಲ್ಲೇ ಮೊಮೆಂಟೋ ಸಾರ್ ಎದ್ದುನಿಂತು, ಆಯ್ಕೆ ಸಮಿತಿಯಲ್ಲಿ ನಿಸ್ವಾರ್ಥವಾಗಿ ದುಡಿದು ಪ್ರಶಸ್ತಿಯಿಂದ ವಂಚಿತರಾದ ಹಿರಿಯರಿಗೆಂದೇ ಪ್ರತ್ಯೇಕ ಪುರಸ್ಕಾರವೊಂದನ್ನು ಸ್ಥಾಪಿಸಬೇಕೆಂದು ಸೂಚಿಸಿದರು. ಸಭೆಯಲ್ಲಿ ಇದ್ದವರೆಲ್ಲ ಒಂದಲ್ಲ ಒಂದು ವರ್ಷ ಸಮಿತಿಯಲ್ಲಿ ಇದ್ದವರೇ, ಸರ್ವಾನುಮತದಿಂದ ಒಪ್ಪಿಗೆಯಾಯಿತು. ಹಾಗಾದರೆ ಈ ಪುರಸ್ಕಾರಕ್ಕೆ ಆಯ್ಕೆ ಮಾಡುವವರು ಯಾರು ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ. ಅವನಿಗೆ ಈ ಸಾಲಿನ ಯುವ ಸಾಧಕ ಪ್ರಶಸ್ತಿ ಕೊಡುವುದೆಂದು ಅಲ್ಲೇ ತೀರ್ಮಾನವಾಯಿತು.