ಹೊಳಿಗೆ ಹೋಗಿ ಹೊಳಿ ನೋಡದೆ ಬರುವ ಕ್ರಮ

ಮನೆಮಂದಿಯನ್ನೆಲ್ಲ ಘಟಪ್ರಭೆಯ ದಂಡೆಗೆ ಕರೆದೊಯ್ದು, ದೋಣಿ ಹತ್ತಿಸಿ, ಕಾಡಿನಲ್ಲಿ ನಾಲ್ಕು ಹೆಜ್ಜೆ ನಡೆಸಿ, ಒಬ್ಬರಿಗೂ ಏನೂ ಕಾಣದಂತೆ ಸಂಜೆಯೊಳಗೆ ವಾಪಸ್ ತರುವುದು ಸುಲಭದ ಕೆಲಸವಲ್ಲ. ಕಣ್ಣಿದ್ದವರಿಗೆ ಏನಾದರೊಂದು ಕಂಡೇ ಬಿಡುವ ಅಪಾಯ ಇದ್ದೇ ಇರುತ್ತದೆ. ನಾನು ಹಲವು ವರ್ಷಗಳ ಅನುಭವದಿಂದ ಈ ಪದ್ಧತಿಯನ್ನು ತಿದ್ದಿ ತೀಡಿದ್ದೇನೆ. ಮೂಡಲಗಿಯಿಂದ ಕ್ರೂಸರ್ ಮಾಡಿಕೊಂಡು ಬರುವವರಾಗಲಿ, ಹುಕ್ಕೇರಿಯಿಂದ ಬೈಕಿನ ಮೇಲೆ ಮೂವರು ಕೂತು ಬರುವವರಾಗಲಿ, ಹೇಳಿದ ಹಾಗೆ ಮಾಡಿ.

ಮೊದಲು ತಿಂಗಳು ಆರಿಸಿ. ಗೋಕಾಕ ಫಾಲ್ಸ್ ತುಂಬಿ ಧುಮುಕುವುದು ಮಳೆಗಾಲದಲ್ಲಿ. ಧೂಪದಾಳದ ಹಿನ್ನೀರಿಗೆ ದೂರದ ಹಕ್ಕಿಗಳು ಬಂದಿಳಿಯುವುದು ನವೆಂಬರಿನಿಂದ ಮಾರ್ಚಿನವರೆಗೆ. ಎರಡನ್ನೂ ಒಂದೇ ಏಟಿಗೆ ತಪ್ಪಿಸಿಕೊಳ್ಳಬೇಕೆಂದರೆ ಮೇ ತಿಂಗಳೇ ಪ್ರಶಸ್ತ. ಹುಡುಗರಿಗೆ ಸೂಟಿ, ಹೊಳೆಗೂ ಸೂಟಿ. 52 ಮೀಟರ್ ಎತ್ತರದ ಕಲ್ಲಿನ ಗೋಡೆ ಒಣಗಿ ನಿಂತಿರುತ್ತದೆ, ನೋಡುವುದಕ್ಕೆ ಅಡ್ಡ ಬರಲು ಒಂದು ತಂಬಿಗೆ ನೀರೂ ಇರುವುದಿಲ್ಲ.

ಮೇ ತಿಂಗಳಲ್ಲೂ ಒಂದು ಗಂಡಾಂತರವಿದೆ, ಎಚ್ಚರ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ಮುಳುಗಿರುವ ಹುನ್ನೂರಿನ ವಿಠ್ಠಲ ದೇವಸ್ಥಾನ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುತ್ತದೆ. ವರ್ಷದ ಬಹುಪಾಲು ನೀರೊಳಗೇ ಕಳೆದ ಕಲ್ಲಿನ ಗುಡಿ, ಒಣಗಿದ ಕೆಸರಿನ ನಡುವೆ ನಿಂತಿರುತ್ತದೆ. ಜನ ನಡೆದುಕೊಂಡು ಹೋಗಿ ಕೈ ಮುಗಿಯುತ್ತಾರೆ. ಇಂಥದನ್ನು ನೋಡಿದರೆ ಮನುಷ್ಯ ಸ್ವಲ್ಪ ಹೊತ್ತು ಮಾತು ಬಿಟ್ಟು ಕೂರುತ್ತಾನೆ, ಇಡೀ ದಿನದ ಲಯ ಕೆಡುತ್ತದೆ. ದಾರಿ ತಪ್ಪಿಯೂ ಗಾಡಿಯನ್ನು ಅತ್ತ ತಿರುಗಿಸಬೇಡಿ. ಅತ್ತೆಯವರು “ವಿಠ್ಠಲನ ದರ್ಶನ ಮಾಡ್ಕೊಂಡ ಹೋಗೂಣು ನಡೀರಿ” ಎಂದರೆ “ಟೈಮ್ ಇಲ್ರೀ ಅತ್ತಿ, ಬೋಟ್ ಬಿಟ್ಟ ಹೋಗತೈತಿ” ಎನ್ನಿ. ಬೋಟ್ ಎಂಬುದನ್ನು ನೀವಿನ್ನೂ ಗೊತ್ತು ಮಾಡಿರುವುದಿಲ್ಲ. ಅದನ್ನು ಈಗ ಹೇಳುವ ಅಗತ್ಯವಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಸಾರಿ, ಹತ್ತೂವರೆಗೆ ಹೊರಡಿ. ಗೋಕಾಕದಲ್ಲಿ ನಿಲ್ಲಿಸಿ ಕರದಂಟು ಕಟ್ಟಿಸಿಕೊಳ್ಳಿ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಹಣ್ಣು, ಎಲ್ಲವೂ ಕೂಡಿದ ಈ ತಿನಿಸು ಬಾಣಂತಿಯರ ಸೊಂಟಕ್ಕೆ ಬಲ ಕೊಡುವುದೆಂದು ಹೆಸರಾಗಿದೆ, ಆದರೆ ನಮ್ಮ ಕೆಲಸಕ್ಕೆ ಅದರ ಉಪಯೋಗ ಬೇರೆ. ಬಾಯಲ್ಲಿ ಅಂಟಿಕೊಂಡರೆ ಪ್ರಶ್ನೆ ಕೇಳುವವರ ಹಲ್ಲು ಬಿಡಿಸಲು ಕನಿಷ್ಠ ಎರಡು ನಿಮಿಷ ಹಿಡಿಯುತ್ತದೆ. ಬೆರಳಿಗೆ ಅಂಟಿದ್ದು ದುರ್ಬೀನಿನ ಗಾಜಿಗೆ ದಾಟಿದರೆ ಆ ದುರ್ಬೀನೂ ನಮ್ಮ ಪಕ್ಷಕ್ಕೆ ಬಂದಂತೆ.

ಇನ್ನು ಗೈಡ್. ಹೊರಗಿನವರನ್ನು ಹುಡುಕಬೇಡಿ, ಪ್ರತಿ ಮನೆಯಲ್ಲೂ ಒಬ್ಬ ಸೋದರಮಾವ ಇರುತ್ತಾನೆ. ಅವನನ್ನು ಕ್ರೂಸರಿನ ಮುಂದಿನ ಸೀಟಿನಲ್ಲಿ ಕೂರಿಸಿ. ಫಾಲ್ಸ್ ತಲುಪಿದ ಕೂಡಲೇ ಅವನು “ಇದು ಕರ್ನಾಟಕದ ನಯಾಗರ” ಎನ್ನಬೇಕು. ಒಣಬಂಡೆಯನ್ನು ತೋರಿಸುತ್ತ ಹಾಗೆನ್ನುವಾಗ ದನಿ ನಡುಗಬಾರದು. ಆಮೇಲೆ 1887ಕ್ಕೆ ಬರಲಿ. ಆ ವರ್ಷ ಇಲ್ಲಿಯ ನೀರಿನಿಂದ ಗಿರಣಿಗೆ ಕರೆಂಟು ತೆಗೆದರು ಎಂದು ಊರಿನವರೆಲ್ಲ ಹೇಳುತ್ತಾರೆ. ಮಾವ ಅಷ್ಟಕ್ಕೇ ನಿಲ್ಲಬಾರದು, “ಏಷ್ಯಾದಾಗ ಮೊದಲು, ಜಗತ್ತಿನಾಗ ಎರಡನೇದು” ಎಂದು ಏರಿಸುತ್ತ ಹೋಗಬೇಕು. ಶಿವನಸಮುದ್ರದವರು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದನ್ನು ಹೇಳಿಕೊಂಡು ಇದೇ ಏಣಿ ಹತ್ತುತ್ತಾರೆ; ನಾವು ಒಂದು ಮೆಟ್ಟಿಲು ಮೇಲೆಯೇ ನಿಂತಿರಬೇಕು.

ಗೋಕಾಕ ಚಳವಳಿ ಕೂಡ ಇದೇ ಬಂಡೆಯ ಮೇಲೆ ಶುರುವಾಯಿತೆಂದು ಮಾವ ಹೇಳಲಿ. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಚಳವಳಿಗೆ ಹೆಸರು ಬಂದದ್ದು ಅವರ ಸಮಿತಿಯ ವರದಿಯಿಂದ ಎಂದು ಕಾಲೇಜಿಗೆ ಹೋಗುವ ಸೊಸಿ ಯಾರಾದರೂ ಬಾಯಿ ಹಾಕಿದರೆ, ಅವಳಿಗೆ ಇನ್ನೊಂದು ತುಂಡು ಕರದಂಟು ಕೊಡಿ.

ತೂಗುಸೇತುವೆ ಮುಚ್ಚಿದ್ದರೆ ನಿಂತು ಬೈಯಿರಿ. ತೆರೆದಿದ್ದರೆ ಹತ್ತಿ, ಎಲ್ಲರೂ ಒಟ್ಟಿಗೆ ಜಿಗಿಯಿರಿ. ಅದರ ಉದ್ದ 200 ಮೀಟರ್ ಚಿಲ್ಲರೆ. ತೂಗುವುದೇ ಅದರ ಕೆಲಸ ಎಂದು ಹೆದರಿದವರಿಗೆ ಧೈರ್ಯ ಹೇಳಿ. ಪಕ್ಕದ ಮಹಾಲಿಂಗೇಶ್ವರ ಗುಡಿಯ ಹಳೆಯ ಕಂಬಗಳಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳಿ. ಕಂಬ ನೋಡಬೇಕಾಗಿಲ್ಲ, ಅದು ಫೋಟೋದಲ್ಲಿ ಹೇಗೂ ಬರುತ್ತದೆ.

ಈಗ ದೋಣಿ. ಧೂಪದಾಳಕ್ಕೆ ಹೋಗಿ. ಬ್ರಿಟಿಷರ ಕಾಲದ ಒಡ್ಡು, ಅದರ ಹಿಂದೆ ನಿಂತ ನೀರು, ಆ ನೀರಿನ ಸುತ್ತ 1974ರಲ್ಲಿ ಘೋಷಿಸಿದ ಘಟಪ್ರಭಾ ಪಕ್ಷಿಧಾಮ. ಪಕ್ಷಿಧಾಮದ ನೀರಿಗೆ ಇಳಿಯಲು ಅನುಮತಿ ಬೇಕಲ್ಲವೇ ಎಂಬ ಪ್ರಶ್ನೆ ಒಳ್ಳೆಯ ಮನೆತನದವರಿಗೆ ಹೊಳೆಯಬಾರದು. ಯಾರಾದರೂ ತಡೆದರೆ “ನಮ್ಮ ಕಾಕಾ ಅದಾರ” ಎನ್ನಿ. ಯಾವ ಕಾಕಾ, ಎಲ್ಲಿ ಅದಾರ, ಎಂಬುದನ್ನು ಮಾತ್ರ ಹೇಳದೆ ಬಿಡಿ. ದಂಡೆಯಲ್ಲಿ ಬಲೆ ಒಣಗಿಸುತ್ತಿರುವ ಮೀನುಗಾರನನ್ನು ಹಿಡಿದು, ನಾಲ್ಕು ಜನ ಹಿಡಿಸುವ ಅವನ ತೆಪ್ಪಕ್ಕೆ ಒಂಬತ್ತು ಜನರ ಚೌಕಾಸಿ ಮಾಡಿ. ರೊಕ್ಕ ಒಪ್ಪಿದ ಮೇಲೆ “ಹುಡುಗರ ಲೆಕ್ಕ ಹಿಡೀಬ್ಯಾಡಪಾ” ಎಂದು ಮತ್ತಿಬ್ಬರನ್ನು ಏರಿಸಿ. ಜೀವರಕ್ಷಕ ಜಾಕೀಟು ಇದ್ದರೆ ಫೋಟೋಕ್ಕೆ ತೊಡಿ, ಫೋಟೋ ಮುಗಿದ ಮೇಲೆ ಬಿಚ್ಚಿ ಅದರ ಮೇಲೆ ಕೂರಿ. ಗುಂಡಗಿನ ತೆಪ್ಪಕ್ಕೆ ಮುಂದು ಹಿಂದು ಇರುವುದಿಲ್ಲ. ಆದ್ದರಿಂದ ಎಲ್ಲರೂ ಮುಂದೆ ಕೂರುವುದು ಸರಿ.

ಬ್ಲೂಟೂತ್ ಸ್ಪೀಕರನ್ನು ನಡುವೆ ಇಡಿ. ಜಾತ್ರೆಯಲ್ಲಿ ಹಾಕುವ ಡಿಜೆ ಹಾಡೇ ಆಗಬೇಕು. ಅಲ್ಲಲ್ಲಿ ಉಳಿದಿರುವ ನಾಲ್ಕು ಹಕ್ಕಿಗಳೂ ಎದ್ದು ಹೋಗುತ್ತವೆ, ಎದ್ದು ಹೋಗುವಾಗ ಎಲ್ಲರಿಗೂ ಒಮ್ಮೆ ಬೆನ್ನು ಕಾಣುತ್ತದೆ. ಅದನ್ನೇ ಪಕ್ಷಿವೀಕ್ಷಣೆ ಎಂದು ಲೆಕ್ಕಕ್ಕೆ ಹಿಡಿಯಿರಿ. ಹೆಸರು ಕೇಳಿದರೆ ಮಾವನ ಸೂತ್ರ ಸರಳ: ದೊಡ್ಡದಿದ್ದರೆ ಕೊಕ್ಕರೆ, ಸಣ್ಣದಿದ್ದರೆ ಸಣ್ಣ ಕೊಕ್ಕರೆ. ಒಣಗಿದ ಗೂಟದ ಮೇಲೆ ನೀರುಕಾಗೆ ತೊಯ್ದ ರೆಕ್ಕೆ ಹರಡಿಕೊಂಡು ಒಣಗಿಸುತ್ತಿದ್ದರೆ, “ನಮಗ ಪೋಜು ಕೊಡಾಕತ್ತೈತಿ ನೋಡ್ರಿ” ಎನ್ನುತ್ತಾನೆ. ಚಪ್ಪಾಳೆ ತಟ್ಟಿ.

ಇಲ್ಲಿ ಅತ್ಯಂತ ಜೋಪಾನವಾಗಿರಬೇಕಾದದ್ದು ತೆಪ್ಪದವನ ಬಾಯಿಯ ಬಗ್ಗೆ. ಹುಟ್ಟು ಹಾಕುವ ಈ ಮನುಷ್ಯ ಸುಮ್ಮನಿರುತ್ತಾನೆ, ಹೊರಗಿನಿಂದ ನಿರುಪದ್ರವಿಯಂತೆ ಕಾಣುತ್ತಾನೆ. ಆದರೆ ಯಾರಾದರೂ ಒಂದು ಮಾತು ಕೇಳಿದರೆ ಸಾಕು, ಹೂಳು ಎಲ್ಲಿ ತುಂಬಿದೆ, ಹಳೆಯ ಹೊಳೆಯ ಪಾತ್ರ ಎಲ್ಲಿ ಹಾಯುತ್ತದೆ, ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯ ನೀರು ಕೂಡಿದಾಗ ಬಣ್ಣ ಹೇಗೆ ತಿರುಗುತ್ತದೆ ಎಂದು ಶುರು ಮಾಡುತ್ತಾನೆ. ಥಂಡಿ ದಿನಗಳಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಡೆಮೊಯ್ಸೆಲ್ ಕ್ರೇನುಗಳು ರಾತ್ರಿ ಆ ದಿಬ್ಬದಲ್ಲಿ ಒತ್ತಾಗಿ ನಿಲ್ಲುತ್ತವೆ, ಬೆಳಗಾದರೆ ಹೊಲಗಳಿಗೆ ಮೇಯಲು ಏಳುತ್ತವೆ, ಏಳುವಾಗಿನ ಸಪ್ಪಳ ಊರಿಗೆ ಕೇಳುತ್ತದೆ ಎಂದು ಹುಟ್ಟನ್ನೆತ್ತಿ ತೋರಿಸುತ್ತಾನೆ. ಒಂದು ಸಲ ನಾನೇ ಮೈಮರೆತು ಅವನು ತೋರಿಸಿದ ಕಡೆ ನೋಡಿಬಿಟ್ಟೆ. ಬರಿಯ ದಿಬ್ಬ. ಆದರೂ ನೋಡುತ್ತಲೇ ಇದ್ದೆ. ಸ್ಪೀಕರ್ ಯಾರೋ ಆರಿಸಿದ್ದರು. ಇಂಥ ಅಚಾತುರ್ಯ ನಿಮ್ಮಿಂದ ಆಗಬಾರದು. ಅವನು ಬಾಯಿ ತೆರೆದ ಕೂಡಲೇ “ಎಷ್ಟ ಆಳ ಐತೋ ಇಲ್ಲಿ?” ಎಂದು ಅಡ್ಡ ಕೇಳಿ. ಮೇ ತಿಂಗಳಾದ್ದರಿಂದ ಉತ್ತರ ಬರುವ ಮೊದಲೇ ತೆಪ್ಪ ಕೆಸರಿಗೆ ಕೂರುತ್ತದೆ. ಗಂಡಸರು ಪ್ಯಾಂಟು ಮಡಚಿ ಇಳಿದು ತಳ್ಳಲಿ. ಇಡೀ ಪ್ರವಾಸದಲ್ಲಿ ಹೊಳೆಯನ್ನು ಮುಟ್ಟುವ ಪ್ರಸಂಗ ಇದೊಂದೇ; ಬೇಗ ಮುಗಿಸಿ.

ಉಂಡ ಮೇಲೆ ನಿಸರ್ಗ ನಡಿಗೆ. ಇದಕ್ಕೆ ಮಾರ್ಕಂಡೇಯ ಹೊಳೆಯ ಗೊಡಚಿನಮಲ್ಕಿ ಒಳ್ಳೆಯದು. ಊರಿನಿಂದ ಜಲಪಾತದವರೆಗೆ ಕಾಡಿನ ದಾರಿ, ನೀರು ಎರಡು ಹಂತಗಳಲ್ಲಿ ಇಳಿಯುವ ಜಾಗ. ಮಧ್ಯಾಹ್ನ ಎರಡಕ್ಕೆ, ಹೊಸ ಹೈಹೀಲ್ಡು ಹಾಕಿಕೊಂಡು, ನೀರಿನ ಬಾಟಲಿಗಳನ್ನು ಗಾಡಿಯಲ್ಲೇ ಮರೆತು ಹೊರಡಿ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿಯ ಬುತ್ತಿ ಉಂಡ ಹೊಟ್ಟೆ ಕಾಲನ್ನು ತಾನೇ ತಡೆಯುತ್ತದೆ. ಮೊದಲ ಮರದ ನೆರಳು ಸಿಕ್ಕಲ್ಲಿ ಕೂತು “ಮುಂದ ಏನೂ ಇಲ್ಲಂತ” ಎಂದು ಒಬ್ಬರು ಹೇಳಿ. ಯಾರು ಹೇಳಿದರು ಎಂದು ಕೇಳುವ ಚೈತನ್ಯ ಆ ಬಿಸಿಲಿನಲ್ಲಿ ಯಾರಿಗೂ ಇರುವುದಿಲ್ಲ. ಪೇಪರ್ ಪ್ಲೇಟು, ಗುಟ್ಕಾ ಚೀಟಿಗಳನ್ನು ಅಲ್ಲೇ ಬಿಡಿ. ಮುಂದಿನ ವರ್ಷ ಎಲ್ಲಿ ಕೂತಿದ್ದೆವು ಎಂದು ಗುರುತು ಸಿಗುತ್ತದೆ.

ಮರಳುವಾಗ ಲೋಳಸೂರ ಸೇತುವೆ ದಾಟುತ್ತ ಅವ್ವ ಕಿಟಕಿಯಿಂದ ನೋಡಿ “2019ರಾಗ ಈ ಪೂಲ್ ಮುಳಗಿತ್ತು, ಊರೊಳಗ ನೀರು ಹೊಕ್ಕಿತ್ತು” ಎಂದು ಶುರು ಮಾಡಬಹುದು. ಮೊಬೈಲಿನಲ್ಲಿ ಫೋಟೋ ತೋರಿಸಿ ಗಮನ ಬೇರೆಡೆಗೆ ಎಳೆಯಿರಿ. ಸ್ಟೇಟಸ್‌ಗೆ ಫೋಟೋ ಹಾಕುವಾಗ ಇಂಟರ್ನೆಟ್ಟಿನಿಂದ ತುಂಬು ಜಲಪಾತದ ಚಿತ್ರ ಇಳಿಸಿಕೊಂಡು, ಮಗ್ಗುಲಿಗೆ ನಿಮ್ಮದೊಂದು ಸೇರಿಸಿ.

ಮನೆಗೆ ಬಂದಾಗ ಪಕ್ಕದ ಮನೆಯ ಗೌಡರು ಕಟ್ಟೆಯ ಮೇಲೆ ಕೂತಿರುತ್ತಾರೆ. ಮೂರೆಕರೆ ಕಬ್ಬು ಒಣಗುತ್ತಿರುತ್ತದೆ. ಅವರು ಜಲಪಾತ ಕೇಳುವುದಿಲ್ಲ, ಹಕ್ಕಿ ಕೇಳುವುದಿಲ್ಲ. “ಧೂಪದಾಳಕ್ಕ ಹೋಗಿದ್ರಂತಲ್ಲ, ನೀರ ಎಷ್ಟೈತಿ? ಕಾಲವಿಗೆ ಬಿಡೂವಂಗ ಕಾಣ್ತೈತೇನು?” ಎನ್ನುತ್ತಾರೆ. ತಡವರಿಸಬೇಡಿ. “ತುಂಬೇತ್ರಿ ಗೌಡ್ರ” ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಅವರು ಎದ್ದು ಕತ್ತಲಲ್ಲಿ ಸಲಿಕೆ ಹುಡುಕುವ ಸಪ್ಪಳ ಸ್ವಲ್ಪ ಹೊತ್ತು ಕೇಳಿಸುತ್ತದೆ. ಫ್ಯಾನ್ ಜೋರು ಮಾಡಿ.