ತಿಕೋಟಾದ ಒಣದ್ರಾಕ್ಷಿ ಗೂಗಲ್‌ಗೆ ಕಾಣುವಂತೆ ಮಾಡುವ ವಿಧಾನ

ಈ ಕೈಪಿಡಿ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗಾಗಿ. ಅದರಲ್ಲೂ ವೆಬ್‌ಸೈಟ್ ಮಾಡಿಸಿ, ದುಡ್ಡು ಕೊಟ್ಟು, ಆಮೇಲೆ "ಎಲ್ಲಾ ಖರೆ, ಗೂಗಲ್‌ನ್ಯಾಗ ಯಾಕ ಕಾಣವಲ್ದು?" ಎಂದು ಕೇಳುವವರಿಗಾಗಿ. ಬೇಕಾಗುವ ಸಾಮಾನು: ಒಂದು ಮೊಬೈಲು, ಒಂದು ಶೆಡ್ಡು, ಇಂಗ್ಲಿಷ್ ಓದಲು ಬರುವ ಒಬ್ಬ ಮಗ ಅಥವಾ ಅಳಿಯ. ತಾಳ್ಮೆಯನ್ನು ಹೊರಗಿನಿಂದ ತರಬೇಕಿಲ್ಲ. ಹಣ್ಣನ್ನು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ, ರ‍್ಯಾಕಿನ ಮೇಲೆ ಹರವಿ, ಮಳೆ ಬಾರದಿರಲಪ್ಪಾ ಎಂದು ಮುಗಿಲು ನೋಡುತ್ತ ಕೂತವರ ಮನೆಯಲ್ಲಿ ಅದು ದಾಸ್ತಾನಿರುತ್ತದೆ.

ಮೊದಲನೆಯ ಕೆಲಸ. ಗೂಗಲ್ ಮೇಲೆ ಸಿಟ್ಟಾಗುವ ಮುನ್ನ ಸೈಟು ಮಾಡಿಕೊಟ್ಟ ಹುಡುಗನಿಗೆ ಫೋನ್ ಹಚ್ಚಿ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ, ರೀಡಿಂಗ್ ಎಂಬ ಪುಟದಲ್ಲಿ, ಶೋಧಕಗಳು ಇತ್ತ ಸುಳಿಯದಿರಲಿ ಎನ್ನುವ ಸಣ್ಣ ಚೌಕವೊಂದಿದೆ. ಸೈಟು ಕಟ್ಟುವಾಗ ಅದಕ್ಕೆ ಟಿಕ್ ಹಾಕಿರುತ್ತಾರೆ. ಬಿಲ್ಲಿನ ಹಣ ಬಂದ ಖುಷಿಯಲ್ಲಿ ತೆಗೆಯುವುದನ್ನು ಮರೆತಿರುತ್ತಾರೆ. ಎಷ್ಟೋ ಸೈಟುಗಳ ಅಜ್ಞಾತವಾಸಕ್ಕೆ ಕಾರಣ ಇಷ್ಟೇ.

ಎರಡನೆಯದು ಊರಿನ ಹೆಸರು. ಇದು ಸುಲಭವೆಂದು ತಿಳಿಯಬೇಡಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಗೆಜೆಟ್ಟು ಒಪ್ಪಿತು, ಗಿರಾಕಿ ಇನ್ನೂ ಒಪ್ಪಿಲ್ಲ. ಹೊರಗಿನ ವ್ಯಾಪಾರಿ ಈಗಲೂ ಬಿಜಾಪುರ ಎಂದೇ ಹುಡುಕುತ್ತಾನೆ. ಹಾಗೆ ಹುಡುಕಿದರೆ ಛತ್ತೀಸಗಢದ ಬಿಜಾಪುರ ಜಿಲ್ಲೆಯ ಕಾಡು, ಮಾವೋವಾದಿ, ಎನ್‌ಕೌಂಟರ್ ಸುದ್ದಿ ಮೊದಲು ಬರುತ್ತವೆ. ವಿಜಯಪುರ ಎಂದು ಹುಡುಕಿದರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ ತನ್ನ ರೇಷ್ಮೆಗೂಡಿನ ಮಾರುಕಟ್ಟೆ ಸಮೇತ ಅಡ್ಡ ನಿಲ್ಲುತ್ತದೆ. ಆದ್ದರಿಂದ ಎರಡೂ ಹೆಸರು ಬರೆಯಿರಿ, ಜೊತೆಗೆ ತಿಕೋಟಾ ಬರೆಯಿರಿ. ಇಂಗ್ಲಿಷಿನಲ್ಲಿ ಬಬಲೇಶ್ವರಕ್ಕೆ ಎಷ್ಟು ಬಗೆಯ ಕಾಗುಣಿತ ಇವೆ ಎಂದು ನಾಲ್ಕು ಅಂಗಡಿಗಳ ಬೋರ್ಡು ಓದಿ ತಿಳಿದುಕೊಳ್ಳಿ. ತಾಲ್ಲೂಕು ಆದ ಮೇಲಾದರೂ ಒಂದೇ ಕಾಗುಣಿತ ಬರಬಹುದೆಂಬ ಆಸೆ ನನಗಿತ್ತು.

ಪುಟದ ಬರಹ ಎಲ್ಲಿಂದ ತರುವುದು? ಎಲ್ಲರೂ ಮಾಡುವುದು ಒಂದೇ: ಡಿಟಿಪಿ ಅಂಗಡಿಯಲ್ಲಿ ಅಚ್ಚು ಹಾಕಿಸಿದ ಹಳೆಯ ಕರಪತ್ರವನ್ನು ತಂದು ಅಂಟಿಸುವುದು. ಅದು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದರೆ ಕಣ್ಣಿಗೆ ಚೆಂದದ ಕನ್ನಡ, ಗೂಗಲ್‌ಗೆ ಮಾತ್ರ ತಲೆಯ ಮೇಲೆ ಚುಕ್ಕೆ ಹೊತ್ತ ಯಾವುದೋ ಯುರೋಪಿನ ಅಕ್ಷರ. ಒಣದ್ರಾಕ್ಷಿ ಎಂದು ಹುಡುಕಿದವನಿಗೆ ಆ ಪುಟ ಈ ಜನ್ಮದಲ್ಲಿ ಸಿಗದು. ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಕರಪತ್ರದ ಫೋಟೋ ಹೊಡೆದು ಹಾಕುವ ಉಪಾಯ ಇದಕ್ಕಿಂತ ಕಡೆ.

ಬಳಿಕ ಕೆಲವರು ಒಣದ್ರಾಕ್ಷಿ, ಒಣದ್ರಾಕ್ಷಿ, ಒಣದ್ರಾಕ್ಷಿ ಎಂದು ಪುಟದ ತುಂಬ ಬರೆಸುತ್ತಾರೆ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ. ಇಲ್ಲಿ ಎಪ್ಪತ್ತು ಸಲ ಕೂಗಿದರೂ ಒಮ್ಮೆಯೂ ಕೇಳಿಸದು. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್ ಟ್ಯಾಗನ್ನಂತೂ ತಾನು ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಅದರ ಬದಲು ಗಿರಾಕಿ ಫೋನಿನಲ್ಲಿ ಕೇಳುವುದನ್ನೇ ಬರೆಯಿರಿ: ಹಸಿರೋ ಹಳದಿಯೋ, ಗಂಧಕದ ಹೊಗೆ ಕೊಟ್ಟದ್ದೋ ಇಲ್ಲವೋ, ಬಾಕ್ಸು ಎಷ್ಟು ಕಿಲೋದ್ದು, ತೊಟ್ಟು ತೆಗೆದದ್ದೋ.

ಡೈರೆಕ್ಟರಿಗಳ ವಿಷಯ. "ಐನೂರು ಡೈರೆಕ್ಟರಿಗೆ ಸೇರಿಸ್ತೀವಿ ಸಾವಕಾರ್ರ" ಎಂದು ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ. ಯಾಹೂ ಡೈರೆಕ್ಟರಿಯಲ್ಲಿ ವ್ಯಾಪಾರಸ್ಥರು ವರ್ಷಕ್ಕೆ 299 ಡಾಲರ್ ಕಟ್ಟುತ್ತಿದ್ದ ಕಾಲವೊಂದಿತ್ತು. ಬಿಜಾಪುರ ಹೆಸರು ಬದಲಿಸಿಕೊಂಡ ಎರಡೇ ತಿಂಗಳಿಗೆ, 2014ರ ಡಿಸೆಂಬರ್ ಕೊನೆಗೆ, ಅದು ಬಾಗಿಲು ಹಾಕಿತು. ಸ್ವಯಂಸೇವಕರು ನಡೆಸುತ್ತಿದ್ದ ಡಿಮೋಜ್ 2017ರ ಮಾರ್ಚ್‌ನಲ್ಲಿ ಮುಚ್ಚಿತು. ಉಳಿದವರಲ್ಲಿ ಇಂಡಿಯಾಮಾರ್ಟ್, ಜಸ್ಟ್‌ಡಯಲ್‌ನಂಥವರು ಸಾಕು.

ಅವುಗಳಿಗಿಂತ ಕೆಲಸಕ್ಕೆ ಬರುವುದು ಮ್ಯಾಪಿನಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲ್. ದುಡ್ಡು ಬೇಡ, ಸಾಕ್ಷಿ ಬೇಕು. ಹಿಂದೆ ಅಂಚೆಯಲ್ಲಿ ಪಿನ್ ನಂಬರಿನ ಕಾರ್ಡು ಬರುತ್ತಿತ್ತು. ಈಗ ಬಹಳ ಮಟ್ಟಿಗೆ ವಿಡಿಯೋ ಕೇಳುತ್ತಾರೆ. ರಸ್ತೆ, ಬೋರ್ಡು, ಒಳಗಿನ ಕೆಲಸ ಮೂರನ್ನೂ ತೋರಿಸಬೇಕು. ಶೆಡ್ಡಿಗೆ ಬೋರ್ಡೇ ಇಲ್ಲದಿದ್ದರೆ ಮೊದಲು ಬೋರ್ಡು ಬರೆಸಿ. ಅಳಿಯನಿಗೆ ವಿಡಿಯೋದಲ್ಲಿ ಹಾಡು ಸೇರಿಸದಂತೆ ಹೇಳಿ.

ಕೊನೆಗೆ ಗೂಗಲ್‌ನದೇ ಸರ್ಚ್ ಕನ್ಸೋಲ್‌ನಲ್ಲಿ ಸೈಟಿನ ವಿಳಾಸ ಕೊಟ್ಟು, ಇಂಡೆಕ್ಸ್ ಮಾಡಿರೆಂದು ಅರ್ಜಿ ಹಾಕಿ. ಒಂದೇ ಪುಟಕ್ಕೆ ದಿನವೂ ಅರ್ಜಿ ಗುಜರಾಯಿಸಿದರೆ ಕಡತ ಬೇಗ ಸರಿಯುವುದಿಲ್ಲ. ತಹಶೀಲ್ದಾರ್ ಕಚೇರಿಯ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು. ಕೆಲವು ದಿನವೂ ಆಗಬಹುದು, ಕೆಲವು ವಾರವೂ ಆಗಬಹುದು. ಅಲ್ಲೇ ಸಲ್ಲಿಸುವ ಸೈಟ್‌ಮ್ಯಾಪ್ ಎಂಬ ಒಂದು ಕಡತದಲ್ಲಿ ಐವತ್ತು ಸಾವಿರ ಪುಟಗಳ ವಿಳಾಸ ಹಿಡಿಸುತ್ತದೆ. ನಿಮ್ಮದು ಐದು ಪುಟ, ಗಾಬರಿ ಬೇಡ.

ಎಲ್ಲ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. ದ್ರಾಕ್ಷಿ ದರ ಕೇಳುವುದಿಲ್ಲ. ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತಂದುಕೊಡುತ್ತೇವೆ, ಗ್ಯಾರಂಟಿ, ಎನ್ನುತ್ತಾರೆ. ನಿಮ್ಮ ನಂಬರು ಅವರಿಗೆ ಎಲ್ಲಿ ಸಿಕ್ಕಿತೆಂದು ಕೇಳಿ. ಗೂಗಲ್‌ನಲ್ಲಿ ಎಂದರೆ ಕೆಲಸವಾಗಿದೆ, ಫೋನ್ ಇಡಿ.