ಮೂರು ರಿಂಗಿನ ಯಜಮಾನರು

ನಂಜನಗೂಡಿನ ಸ್ನಾನಘಟ್ಟದಲ್ಲಿ ಒಂದು ಬಿಲ್ವಪತ್ರೆ ಬಿಟ್ಟರೆ ಅದು ಕಪಿಲೆಯ ಜೊತೆ ತೇಲುತ್ತಾ ತಿರುಮಕೂಡಲಿನ ಸಂಗಮ ಸೇರುತ್ತದೆ. ತಿಂಗಳ ಬಾಡಿಗೆ ಇಲ್ಲ, ಜಿಎಸ್‌ಟಿ ಇಲ್ಲ. ನಮ್ಮ ಯಜಮಾನರ ಸಂಕಟವೇ ಇದು. ಎಲೆ ಪುಕ್ಕಟೆ ಹೋಗುವ ಊರಿಗೆ ಮಾತು ಕಳಿಸುವುದಕ್ಕೆ ಮಾತ್ರ ಎಕ್ಸ್‌ಟೆನ್ಷನ್ ಒಂದಕ್ಕೆ ತಿಂಗಳಿಗೆ ಇಷ್ಟು ಅಂತ ಯಾಕೆ ಕೊಡಬೇಕು?

ಯಜಮಾನರ ಹೆಸರು ಬೇಡ. ಮೈಸೂರು ಸೀಮೆಯ ಯಾವ ಪೇಟೆಯಲ್ಲಿ ಬಸ್ಸಿಳಿದರೂ ಅವರು ಸಿಗುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ, ಮೂರು ಕೊಟೇಶನ್ ಮುಂದೆ ಹರವಿಕೊಂಡು ನಾಲ್ಕನೆಯದಕ್ಕೆ ಕಾಯುತ್ತಿರುವವರೇ ಅವರು. ನಮ್ಮವರದು ಪಂಪ್‌ಸೆಟ್ಟು, ಪೈಪು, ಡ್ರಿಪ್ಪಿನ ವ್ಯಾಪಾರ. ನಂಜನಗೂಡಿನಲ್ಲಿ ದೊಡ್ಡಂಗಡಿ, ತಿ. ನರಸೀಪುರದಲ್ಲಿ ಬ್ರಾಂಚು. ನಾನು ಅಲ್ಲಿ ಲೆಕ್ಕ ಬರೆಯುವವನು, ಹಾಗಾಗಿ ಕೊಟೇಶನ್‌ಗಳ ಫೈಲು ನನ್ನ ಸುಪರ್ದಿನಲ್ಲಿದೆ. ಫೈಲು ಈಗ ಎರಡು ಸಂಪುಟ.

ಮೊದಲು ಎರಡೂ ಅಂಗಡಿಗಳ ನಡುವೆ ಇದ್ದ ವ್ಯವಸ್ಥೆ ಮಿಸ್ಡ್ ಕಾಲಿನದು. ಒಂದು ರಿಂಗಿಗೆ ಕಟ್ಟಾದರೆ ಮಾಲು ಬಸ್ಸಿಗೆ ಹಾಕಿದೆ ಅಂತ. ಎರಡಾದರೆ ಬ್ಯಾಂಕಿಗೆ ದುಡ್ಡು ಕಟ್ಟಿದೆ ಅಂತ. ಮೂರಾದರೆ ಯಜಮಾನರೇ ಹೊರಟಿದ್ದಾರೆ, ಅಂಗಡಿ ಗುಡಿಸಿಡಿ ಅಂತ. 2016ರಲ್ಲಿ ಜಿಯೋ ಬಂದು ಮಾತನ್ನೇ ಪುಕ್ಕಟೆ ಮಾಡಿದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ‘ಪುಕ್ಕಟೆ ಅಂತ ಎತ್ತಿ ಮಾತಾಡಿದ್ರೆ ಟೈಮು ಹೋಗಲ್ವೇನಯ್ಯಾ?’ ಎನ್ನುತ್ತಿದ್ದರು. ಮೂವರು ಇದ್ದಾಗ ನಡೆಯಿತು. ಈಗ ಎರಡೂ ಕಡೆ ಸೇರಿ ಹದಿನಾಲ್ಕು ಜನ. ಒಂದು ದಿನ ನರಸೀಪುರದ ಹುಡುಗ ಏಳು ರಿಂಗು ಕೊಟ್ಟ. ಏಳಕ್ಕೆ ಅರ್ಥ ಏನು ಅಂತ ನಾವೆಲ್ಲ ಕೂತು ಯೋಚಿಸಿ, ಕೊನೆಗೆ ಫೋನ್ ಮಾಡಿದರೆ ಗೋಡೌನಿಗೆ ಹಾವು ಬಂದಿತ್ತು. ಅವತ್ತೇ ಸಂಜೆ ‘ಇಂಟರ್‌ನೆಟ್ ಫೋನು ಅಂತ ಬಂದದಂತಲ್ಲ, ವಸಿ ವಿಚಾರ್ಸಿ’ ಎಂದರು.

ಯಜಮಾನರು ವಿಚಾರಿಸುವುದು ಎಂದರೆ ಗಂಡು ನೋಡಿದ ಹಾಗೆ. ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬಂದ ಹುಡುಗನನ್ನು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಕಂಪನಿಗೆ ವಯಸ್ಸೆಷ್ಟು? ಎಂಟು ವರ್ಷ ಅಂದ. ‘ನಮ್ಮೂರ ಹಲ್ಲುಪುಡಿ 1913ರದು. ಇವತ್ತಿಗೂ ಉಜ್ತಾ ಇದೀವಿ’ ಎಂದು ಕಾಫಿ ತರಿಸಿದರು. ಕಾಫಿ ತರಿಸಿದರೆ ವ್ಯಾಪಾರ ಆಗುವುದಿಲ್ಲ ಅಂತ ನಮಗೆ ಗೊತ್ತು, ಹುಡುಗನಿಗೆ ಗೊತ್ತಿರಲಿಲ್ಲ. ಅವನು ಹುರುಪಿನಿಂದ, ಮಷೀನು ನಿಮ್ಮ ಅಂಗಡಿಯಲ್ಲಿ ಇಡುವುದೇ ಬೇಡ, ಎಲ್ಲ ನಮ್ಮ ಸರ್ವರಿನಲ್ಲೇ ಇರುತ್ತದೆ ಎಂದ. ಯಜಮಾನರು ಕನ್ನಡಕ ಸರಿಮಾಡಿಕೊಂಡರು. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಹತ್ತಿರ ಕಪಿಲೆ ಹೆದ್ದಾರಿ ಮೇಲೆ ಹತ್ತಿ ಮೈಸೂರು ರಸ್ತೆಯೇ ಬಂದಾಗಿತ್ತಲ್ಲ, ಹಾಗೆ ಮತ್ತೆ ಆದರೆ ಬೆಂಗಳೂರಿನ ಸರ್ವರಿನಿಂದ ಫೋನು ಯಾವ ದಾರಿಯಲ್ಲಿ ಬರುತ್ತದೆ? ಹುಡುಗ ನಕ್ಕ. ಯಜಮಾನರು ನಗಲಿಲ್ಲ. ಎರಡನೇ ಕಾಫಿ ಬಂತು.

ಮೈಸೂರಿನಿಂದ ಬಂದವರು ಬೇರೆ ದಾರಿ ಹಿಡಿದರು. ಮಷೀನು ಅಂಗಡಿಯಲ್ಲೇ ಇಟ್ಟುಕೊಳ್ಳಿ, ಆಸ್ಟರಿಸ್ಕ್ ಅನ್ನುವ ಸಾಫ್ಟ್‌ವೇರ್ ಹಾಕೋಣ, 1999ರಿಂದ ಇದೆ, ಸಾಫ್ಟ್‌ವೇರಿಗೆ ದುಡ್ಡಿಲ್ಲ ಎಂದರು. ದುಡ್ಡಿಲ್ಲ ಎಂಬ ಮಾತಿಗೆ ಯಜಮಾನರು ಕುಣಿಯುತ್ತಾರೆ ಅಂದುಕೊಂಡಿರಾ? ಅವರು ಜಿಪುಣರಲ್ಲ, ಚೌಕಾಸಿಗಾರರು. ಬೆಲೆಯೇ ಇಲ್ಲದ ವಸ್ತುವಿನಲ್ಲಿ ಇಳಿಸುವುದಕ್ಕೆ ಏನಿದೆ! ಇಡೀ ಮಧ್ಯಾಹ್ನ ಅವರು ಮಂಕಾಗಿದ್ದರು.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಮೇಲೆ ಅವರಿಗೆ ಬಲು ಭಕ್ತಿ. ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ ಇದೆಯಲ್ಲ, ಯಜಮಾನರ ಚೌಕಾಸಿಯ ಶಾಸ್ತ್ರ ಹುಟ್ಟಿದ್ದೇ ಅಲ್ಲಿಂದ. ಯಾವುದೇ ಕೊಟೇಶನ್ ಹಿಂದಿನದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಕಡಿಮೆ ಇರಬೇಕು. ಎಂಟು ತಿಂಗಳು ಹೀಗೇ ತೂಗಿದರು. ತಡವಾಯಿತು ಅಂತ ನಾನು ಒಮ್ಮೆ ಗೊಣಗಿದ್ದು ತಪ್ಪಾಯಿತು. ಅಷ್ಟರಲ್ಲಿ ಟೈ ಹುಡುಗನಿಂದ ಅವರು ಒಂದು ವಿಷಯ ತಿಳಿದುಕೊಂಡಿದ್ದರು. ಸರ್ಕಾರ 2002ರಲ್ಲಿ ಇಂಟರ್‌ನೆಟ್ ಫೋನಿಗೆ ಒಪ್ಪಿಗೆ ಕೊಟ್ಟಾಗ ಇಲ್ಲಿನ ಕಂಪ್ಯೂಟರಿನಿಂದ ಅಮೆರಿಕದ ಫೋನಿಗೆ ಮಾತಾಡಬಹುದಿತ್ತಂತೆ, ನರಸೀಪುರದ ಫೋನಿಗೆ ಆಗುತ್ತಿರಲಿಲ್ಲವಂತೆ. ದೇಶದೊಳಗಿನ ಫೋನುಗಳಿಗೆ ಬಾಗಿಲು ತೆರೆದದ್ದು 2018ರಲ್ಲಿ. ‘ದಿಲ್ಲಿಯವರೇ ಹದಿನಾರು ವರ್ಷ ಯೋಚ್ನೆ ಮಾಡವ್ರೆ. ನಾನು ಎಂಟು ತಿಂಗಳು ಮಾಡ್ಬಾರ್ದಾ?’

ಮೂರನೆಯವನು ಊರಿನವನೇ, ಮನೆಮನೆಗೆ ಕೇಬಲ್ಲು, ಫೈಬರ್ರು ಎಳೆಯುವವನು. ಹವಾಯಿ ಚಪ್ಪಲಿಯಲ್ಲಿ ಬಂದ. ಕೊಟೇಶನ್ ತರಲಿಲ್ಲ. ನೇರವಾಗಿ ರೂಟರಿನ ಹತ್ತಿರ ಹೋಗಿ, ಅದರ ಮೇಲೆ ಒಣಗಲು ಹಾಕಿದ್ದ ಟವೆಲ್ಲು ತೆಗೆದ.

‘ಯಜಮಾನ್ರೇ, ಒಂದು ಕಾಲಿಗೆ ಆ ಕಡೆ ಒಂದು ನೂರು, ಈ ಕಡೆ ಒಂದು ನೂರು ಕಿಲೋಬಿಟ್ಟು ಹಿಡ್ಕಳಿ. ಹತ್ತು ಜನ ಒಟ್ಟಿಗೆ ಮಾತಾಡಿದ್ರೂ ಒಂದು ಎಂಬಿ. ನಿಮ್ಮ ಲೈನು ಬೇಕಾದಷ್ಟು ಅಗಲ ಇದೆ. ತೊಂದ್ರೆ ಅದಲ್ಲ. ನಿಮ್ಮ ಕ್ಯಾಮೆರಾ ವಿಡಿಯೋನೂ ಇದೇ ದಾರೀಲಿ ಹೋಗ್ತದೆ, ಲೆಕ್ಕದ ಬ್ಯಾಕಪ್ಪೂ ಇದೇ ದಾರೀಲಿ. ಅವು ನುಗ್ಗಿದ್ರೆ ಮಾತು ತುಂಡಾಯ್ತದೆ. ದೊಡ್ಡ ಜಾತ್ರೇಲಿ ಐದು ತೇರಿಗೂ ಮೊದ್ಲು ದಾರಿ ಬಿಡಿಸಿ, ಕಡ್ಲೆಪುರಿಯವ್ರನ್ನ ಪಕ್ಕಕ್ಕೆ ನಿಲ್ಸ್ತಾರಲ್ಲ, ಹಂಗೆ ರೂಟರಲ್ಲಿ ಮಾತಿಗೆ ಮೊದ್ಲು ದಾರಿ ಬಿಡಿಸ್ಬೇಕು. ಬಾಯಿಂದ ಕಿವಿಗೆ 150 ಮಿಲಿಸೆಕೆಂಡ್ ಮೀರ್ಬಾರ್ದು. ಮೀರಿದ್ರೆ ಇಬ್ರೂ ಒಟ್ಟಿಗೇ ಮಾತಾಡಕ್ಕೆ ಸುರು ಮಾಡ್ತಾರೆ.’

‘ನಮ್ಮನೇಲಿ ಫೋನೇ ಇಲ್ದೆ ಹಂಗಾಯ್ತದೆ’ ಎಂದರು ಯಜಮಾನರು. ಕಾಫಿ ತರಿಸಲಿಲ್ಲ. ನನಗೆ ಎದೆ ಹೊಡೆದುಕೊಂಡಿತು.

‘ಇನ್ನೊಂದದೆ. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟು ಬತ್ತಿತ್ತು, ಊರಲ್ಲಿ ಕರೆಂಟು ಹೋದ್ರೂ ಫೋನು ಬಡ್ಕೋತಿತ್ತು. ಫೈಬರಲ್ಲಿ ಬರದು ಬೆಳಕು, ಕರೆಂಟಲ್ಲ. ಮೊದ್ಲು ಯುಪಿಎಸ್ ತಗಳಿ, ಆಮೇಲೆ ಫೋನು.’

ಇದು ನೇರವಾಗಿ ನಾಟಿತು. ನಮ್ಮ ವ್ಯಾಪಾರವೇ ಕರೆಂಟಿನದು. ತ್ರೀ ಫೇಸು ಬರುವುದು ರಾತ್ರಿ, ಮೋಟಾರು ಸುಡುವುದು ಬೆಳಗಿನ ಜಾವ, ಹೆಡತಲೆಯ ಬಾಳೆತೋಟದಿಂದಲೋ ಮೂಗೂರಿನ ಗದ್ದೆಬದುವಿನಿಂದಲೋ ಫೋನು ಬರುವುದು ಐದು ಗಂಟೆಗೆ. ಟೈ ಹುಡುಗ ಹೇಳಿದ್ದ ಇನ್ನೊಂದು ಸೌಲಭ್ಯವನ್ನೂ ಆಗಲೇ ಪರೀಕ್ಷಿಸಿದ್ದೆವು. ಪಂಪಿಗೆ ಒಂದು ಒತ್ತಿ, ಪೈಪಿಗೆ ಎರಡು ಒತ್ತಿ ಅಂತ ಒಂದು ಹೆಣ್ಣುದನಿ ಹೇಳುವ ಐವಿಆರ್. ವಾರದ ಮಟ್ಟಿಗೆ ಹಾಕಿ ನೋಡಿದೆವು. ರೆಕಾರ್ಡಿಂಗ್ ಕೇಳಿದರೆ, ಕೈಯೆಲ್ಲ ಕೆಸರಾದ ರೈತರೊಬ್ಬರು ಒಂದೂ ಒತ್ತದೆ ಆ ದನಿಗೇ ಕಷ್ಟ ಹೇಳಿಕೊಂಡಿದ್ದರು: ‘ತಾಯೀ, ಒತ್ತಾದು ಇರ್ಲಿ, ಸ್ಟಾರ್ಟರು ಹೊಗೆ ಬತ್ತಾದೆ ಕನವ್ವ, ಅಣ್ಣನ್ ಕರಿ.’ ಆ ದನಿ ಮತ್ತೆ ಮೊದಲಿನಿಂದ ಶುರುಮಾಡಿತ್ತು. ಐವಿಆರ್ ಅಂದೇ ಹೋಯಿತು.

ಉಳಿದದ್ದು ನಂಬರಿನ ಪ್ರಶ್ನೆ. ನಂಜನಗೂಡಿನ ಕೋಡು 08221, ನರಸೀಪುರದ್ದು 08227. ಆ ಹಳೇ ಲ್ಯಾಂಡ್‌ಲೈನ್ ನಂಬರು ಹುಲ್ಲಹಳ್ಳಿಯಿಂದ ಬನ್ನೂರಿನವರೆಗೆ ಪಂಪುಮನೆಗಳ ಗೋಡೆ ಮೇಲೆ ನೀಲಿ ಬಣ್ಣದಲ್ಲಿದೆ, ಯುಗಾದಿ ಕ್ಯಾಲೆಂಡರಿನಲ್ಲಿದೆ, ಮಗಳ ಮದುವೆ ಕರೆಯೋಲೆಯಲ್ಲೂ ಇತ್ತು. ಮೊಬೈಲ್ ನಂಬರಾದರೆ ಕಂಪನಿ ಬದಲಾಯಿಸಿದರೂ ಜೊತೆಗೆ ಬರುತ್ತದೆ, ಲ್ಯಾಂಡ್‌ಲೈನಿಗೆ ಆ ಅನುಕೂಲವಿಲ್ಲ. ಗೋಡೆಗಳಿಗೆ ಬಣ್ಣ ಬಳಿಯಲು ಯಜಮಾನರು ಮೂರು ಕೊಟೇಶನ್ ತರಿಸಿದರು. ಆ ಮೊತ್ತ ನೋಡಿದ ಮೇಲೆ ಹಳೇ ಲೈನು ಹಾಗೇ ಇರಲಿ, ಅದಕ್ಕೊಂದು ಸಣ್ಣ ಡಬ್ಬಿ ಸಿಕ್ಕಿಸಿ ಹೊಸ ಮಷೀನಿಗೆ ಸೇರಿಸೋಣ ಎಂದು ಚಪ್ಪಲಿಯವನು ಸೂಚಿಸಿದ. ಗುಲಗಂಜಿ ಇಳಿಯಿತು. ಕೈ ಕುಲುಕಿದರು.

ಸೋಮವಾರ, ರಾಹುಕಾಲ ಕಳೆದು ಒಂಬತ್ತೂವರೆಗೆ ಉದ್ಘಾಟನೆ. ನಂಜನಗೂಡಿಗೆ 101, ನರಸೀಪುರಕ್ಕೆ 201. ಎಷ್ಟು ಹೊತ್ತು ಮಾತಾಡಿದರೂ ಎರಡರ ನಡುವೆ ಒಂದು ಪೈಸೆ ಇಲ್ಲ ಎಂದು ಚಪ್ಪಲಿಯವನು ಎರಡು ಸಲ ಹೇಳಿದ. ಯಜಮಾನರು ಹೊಸ ಫೋನಿಗೆ ಕುಂಕುಮ ಇಟ್ಟು, ನಂಜುಂಡೇಶ್ವರನನ್ನು ನೆನೆದು ಬೆರಳಿನಿಂದ ಎರಡು, ಸೊನ್ನೆ, ಒಂದು ಒತ್ತಿದರು. ನಾವೆಲ್ಲ ಉಸಿರು ಹಿಡಿದು ನಿಂತೆವು. ಆ ಕಡೆ ಒಂದು ರಿಂಗು ಆಯಿತು. ಎರಡಾಯಿತು. ಮೂರಾಯಿತು. ಯಜಮಾನರು ಫೋನು ಇಟ್ಟು ಬ್ಯಾಗು ಎತ್ತಿಕೊಂಡರು.

ನರಸೀಪುರದಲ್ಲಿ ಹುಡುಗ ಪೊರಕೆ ಹುಡುಕಲು ಓಡಿದನಂತೆ.